ಉಳಿದ ಕಿತ್ತಳೆ ಶರಬತ್ತು

ಕಿತ್ತಳೆ ಬಣ್ಣದ ಬಾಟಲಿಯ ಮುಚ್ಚಳ ತೆರೆದರೆ ಸಾಕು, ಇವತ್ತಿಗೂ ನನ್ನ ಮೂಗಿಗೆ ಬಂಗುಡೆಯ ವಾಸನೆ ಹೊಡೆಯುತ್ತದೆ.

ಅಮ್ಮ ನಾವುಂದದಲ್ಲಿ ಮನೆಮನೆಗೆ ಮೀನು ಮಾರುತ್ತಿದ್ದಳು. ಆ ಮಧ್ಯಾಹ್ನ ದೊಡ್ಡಮನೆಯ ಒಡತಿಗೆಂದು ಮೀನಿನ ಜೊತೆ ನಮ್ಮ ಮರದ ಎಳನೀರಿನ ಬೊಂಡಗಳನ್ನೂ ಒಯ್ದಿದ್ದಳು. ಒಡತಿ ಮುಂಬೈಯಿಂದ ಬಂದ ಮೊಮ್ಮಕ್ಕಳ ಕೈಯಿಂದ ಶರಬತ್ತಿನ ಬಾಟಲಿ ಕಿತ್ತುಕೊಂಡರು.

“ಈ ಬಣ್ಣದ್ ನೀರ್ ಕುಡ್ದ್ರೆ ಹೊಟ್ಟಿ ಹಾಳಾತ್ತ್. ಮಕ್ಳಿಗ್ ಬೊಂಡವೇ ಒಳ್ಳೇದ್,” ಎಂದು ನಮ್ಮ ಬೊಂಡ ಕೆತ್ತಿಸಿ ಕೊಟ್ಟರು.

ಬಾಟಲಿಯಲ್ಲಿ ಉಳಿದದ್ದನ್ನು, ನಮ್ಮಂಥವರಿಗೆಂದೇ ಹೊರಗೆ ಕವುಚಿಟ್ಟಿದ್ದ ಲೋಟಕ್ಕೆ ಸುರಿದು ಅಂಗಳದಲ್ಲಿ ನಿಂತಿದ್ದ ನನಗೆ ಕೊಟ್ಟರು. “ತಕೋ ಹೆಣೆ, ನಿಂಗೆ ಎಂತದೂ ಆತಿಲ್ಲೆ.”

ನಾನು ಕುಣಿದಾಡಿಬಿಟ್ಟೆ. “ಅಮ್ಮ, ನಮ್ ಬೊಂಡಕಿಂತ ಸಿಹಿ ಇತ್ತ್!”

ಅಮ್ಮ ಮೀನಿನ ಬುಟ್ಟಿಯಿಂದ ತಲೆ ಎತ್ತಲಿಲ್ಲ. “ಬೇಗ ಕುಡಿ. ಲೋಟ ತೊಳ್ದ್ ಹೊರಗೇ ಕವುಚಿ ಇಡ್ಕ್.”