ಉಣ್ಣುವ ಹೊತ್ತಿಗೆ ಬಂದವರು

ಯೋಗಮಲರ್‌ಗೆ ದುಡ್ಡು ಕೇಳುವ ಬಾಯಿಯೇ ಇರಲಿಲ್ಲ. ಅವಳಂತೆ ಯುದ್ಧಕ್ಕೆ ಹೆದರಿ ಕಡಲು ದಾಟಿ ಬಂದ ಹೆಂಗಸರಿಗೆ ವ್ಯಾಪಾರ ಕಲಿಸುತ್ತಿದ್ದ ಮೇಡಂ, ದಿನವೂ ಮಧ್ಯಾಹ್ನ ಅವಳ ಇಡಿಯಪ್ಪ ತಿನ್ನುತ್ತಲೇ ಅವಳನ್ನು ಬೈಯುತ್ತಿದ್ದರು.

“ಉಣ್ಣೋ ಹೊತ್ತಿಗೆ ಬಂದವರ ಹತ್ರ ದುಡ್ಡು ಹೆಂಗೆ ಕೇಳೋದು, ಮೇಡಂ?”

“ಅವರು ನೆಂಟರಲ್ಲ ಕಣಮ್ಮ, ಗಿರಾಕಿಗಳು. ನಾಳೆ ತಳ್ಳುಗಾಡಿ ಕೊಡೋ ಸಂಸ್ಥೆಯವರು ನಿನ್ನ ವ್ಯಾಪಾರ ನೋಡೋಕೆ ಬರ್ತಾರೆ. ಅವರ ಮುಂದೆ ಒಬ್ಬರಿಗೆ ಪುಕ್ಕಟೆ ಬಡಿಸಿದ್ರೂ ಗಾಡಿ ಬೇರೆಯವರ ಪಾಲು. ಇನ್ನೆರಡು ಹಾಕು.”

ಮರುದಿನ ಸಂಸ್ಥೆಯವರು ಬಂದು ನೋಡುತ್ತ ನಿಂತರು. ಮೇಡಂ ಎಂದಿನಂತೆ ತಟ್ಟೆ ಚಾಚಿದರು.

“ಮೊದಲು ದುಡ್ಡು.”

“ನಾನಮ್ಮಾ, ನಾನು.”

“ಗೊತ್ತು, ಮೇಡಂ. ನೆಂಟರಲ್ಲ.”

ತಳ್ಳುಗಾಡಿ ಯೋಗಮಲರ್‌ಗೇ ಸಿಕ್ಕಿತು. ಮೇಡಂಗೆ ಆದ ನಷ್ಟ, ದಿನಕ್ಕೆ ಐದು ಇಡಿಯಪ್ಪ.