ರಬ್ಬರ್ ಉಂಗುರ

"ಸೈಕಲ್ ಹತ್ತು," ಅಂದಳು ಮಾರಮಾ. "ಹೆಲ್ಮೆಟ್ಟು, ಶೂ, ನೀರಿನ ಚೀಲ ಎಲ್ಲಾ ಹಾಕ್ಕೊಂಡೇ ಹತ್ತು. ಕಾಡಲ್ಲಿ ಹೇಗೆ ಹೋಗ್ತೀಯೋ ಹಾಗೇ."

ತೀಪೆನೆ ಶೆಡ್ಡಿನ ಗೋಡೆಗೆ ಭುಜ ಆನಿಸಿಕೊಂಡು ಸೈಕಲ್ಲಿನ ಸೀಟಿನ ಮೇಲೆ ಕುಳಿತ. ಮೈಮೇಲೆ ಎರಡು ಸ್ವೆಟರ್. ಬೆನ್ನಿನ ಚೀಲದಲ್ಲಿ ನೀರಿನ ಕೆಳಗೆ ಮರ ಸೀಳುವ ನಾಲ್ಕು ಕಬ್ಬಿಣದ ಬೆಣೆಗಳು. ಭಾರ ಹೆಚ್ಚಲೆಂದು, ಹೆಂಡತಿ ಮಾರಮಾ ಅಡುಗೆಮನೆಯಲ್ಲಿದ್ದಾಗ ಕದ್ದು ತುಂಬಿಕೊಂಡವು. ಬೇಸಿಗೆಯಿಂದೀಚೆಗೆ ತಿಂದದ್ದು ಗಂಟಲಿನಲ್ಲೇ ನಿಲ್ಲುತ್ತಿತ್ತು, ಮೈ ದಿನದಿನಕ್ಕೆ ಕರಗುತ್ತಿತ್ತು. ಅವಳು ಕೇಳಿದಾಗಲೆಲ್ಲ ಓಟದ ತಯಾರಿ ಎಂದು ಹಾರಿಸುತ್ತಿದ್ದ. ಇದೇ ಕಾಯಿಲೆಗೆ ಅವನ ಅಣ್ಣ ಆಸ್ಪತ್ರೆಗೆ ನಡೆದುಕೊಂಡೇ ಹೋಗಿದ್ದ. ಕುಲದವರು ಅವನನ್ನು ಹೆಣವಾಗಿ ಮರಾಯೆಯ, ಅಂದರೆ ಕುಲದ ಸಭಾಮನೆಯ, ಅಂಗಳಕ್ಕೆ ಹೊತ್ತುಕೊಂಡು ಬಂದರು. ಹಾಗಾಗಿ ಡಾಕ್ಟರ ಮಾತೆತ್ತಲೂ ತೀಪೆನೆಗೆ ಭಯ. ಶನಿವಾರ ರೋಟೊರುವಾದ ಕಾಡಿನಲ್ಲಿ ಸೈಕಲ್ ಓಟ, ಪ್ರತಿವರ್ಷ ಗಂಡ ಹೆಂಡತಿ ಜೊತೆಯಾಗಿ ಹೋಗುವ ಓಟ. ಅದೊಂದು ಮುಗಿಯಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡಿದ್ದ. ಬಚ್ಚಲುಮನೆಯ ತೂಕದ ಯಂತ್ರದ ಬ್ಯಾಟರಿಯನ್ನು ತಾನೇ ಕಿತ್ತೆಸೆದು, ಅದು ಕೆಟ್ಟಿದೆ ಎಂದೂ ಹೇಳಿದ್ದ. ಇವಳು ಇನ್ನೊಂದು ತೂಕದ ಯಂತ್ರವನ್ನು ಮನೆಗೆ ತರಿಸುತ್ತಾಳೆಂದು ಅವನಿಗೇನು ಗೊತ್ತು!

ಅವಳು ತರಿಸಿದ್ದು ಹೊಸ ಫೋರ್ಕ್. ಮುಂದಿನ ಚಕ್ರವನ್ನು ಹಿಡಿದು, ಕಲ್ಲು ಬೇರುಗಳ ಪೆಟ್ಟನ್ನು ತಾನೇ ನುಂಗಿಕೊಳ್ಳುವ ಜೋಡಿ ಕೊಳವೆ. ಒಳಗಿರುವುದು ಬರೀ ಗಾಳಿ. ದೊಡ್ಡ ಹೆಸರಿನ ಫೋರ್ಕಿಗೆ ಕೊಡುವ ದುಡ್ಡಿನಲ್ಲಿ ಒಂದು ಹಳೇ ಕಾರೇ ಬಂದೀತು. ಮಾರಮಾ ಅಂಗಡಿ ಅಂಗಡಿ ಜಾಲಾಡಿ, ಹೋದ ವರ್ಷ ಮಾರಾಟವಾಗದೆ ಉಳಿದ ಮಾಲನ್ನು ಕಾಲು ಬೆಲೆಗೆ ಗಿಟ್ಟಿಸಿಕೊಂಡಿದ್ದಳು. ಎಷ್ಟು ತೂಕದವರಿಗೆ ಎಷ್ಟು ಗಾಳಿ ಎಂಬ ಪಟ್ಟಿ ಅದರ ಮೇಲೆಯೇ ಅಂಟಿಸಿತ್ತು. ತೀಪೆನೆ ಹೇಳಿದ ತೊಂಬತ್ತೈದು ಕಿಲೋಗೆ ಅವಳು ಗಾಳಿ ಹೊಡೆದಿದ್ದಳು. ಸವಾರ ಕೂತಾಗ ಫೋರ್ಕ್ ಕುಗ್ಗಿ, ಕೊಳವೆಯ ಮೇಲಿನ ರಬ್ಬರ್ ಉಂಗುರ ಬಿಳಿ ಗೀಟಿನವರೆಗೆ ಏರಬೇಕು, ಸವಾರ ಇಳಿದ ಮೇಲೂ ಅಲ್ಲೇ ನಿಲ್ಲುತ್ತದೆ. ಅದು ಗೀಟಿನಿಂದ ಎಷ್ಟೋ ಕೆಳಗೆ ನಿಂತುಬಿಟ್ಟಿತು.

"ಇನ್ನೊಂದ್ಸಲ ಕೂರು."

ಈ ಸಲ ತೀಪೆನೆ ಮೆಲ್ಲಗೆ ಹ್ಯಾಂಡಲ್ಲಿನ ಮೇಲೆ ಮೈಭಾರ ಬಿಟ್ಟ. ಉಂಗುರ ಗೀಟನ್ನು ದಾಟಿಯೇ ಹೋಯಿತು.

"ಇದೇನಿದು, ಒಂದೊಂದ್ಸಲ ಒಂದೊಂದು ಥರ!"

"ಅಗ್ಗದ ಮಾಲು ಕಣೇ, ಇನ್ನೇನಾಗತ್ತೆ? ವಾಪಸ್ ಕಳ್ಸು. ಹಳೇದೇ ಸಾಕು ನಂಗೆ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಮಾರಮಾಳನ್ನು ಏನು ಬೇಕಾದರೂ ಅನ್ನಬಹುದು, ಅವಳು ಆರಿಸಿ ತಂದದ್ದನ್ನು ಮಾತ್ರ ಅನ್ನಬಾರದು.

"ಅಗ್ಗದ ಮಾಲಾ? ನಿನ್ನ ಕಟ್ಕೊಂಡಾಗ ನಮ್ಮಮ್ಮನೂ ಇದೇ ಮಾತು ಹೇಳಿದ್ಲು. ಇಳಿ ಕೆಳಗೆ. ತಪ್ಪು ಯಾರದ್ದು ಅಂತ ನೋಡೇಬಿಡ್ತೀನಿ."

ಅವಳು ಫೋರ್ಕಿನ ಗಾಳಿಯನ್ನು ಸುಯ್ಯೆಂದು ಬಿಟ್ಟು, ಉಂಗುರವನ್ನು ಬುಡಕ್ಕೆ ಸರಿಸಿದಳು. "ನನ್ನ ತೂಕ ಎಪ್ಪತ್ತೈದು. ಹೋದ ವಾರ ತಂಗಿ ಮನೇಲಿ ನೋಡ್ಕೊಂಡು ಬಂದಿದೀನಿ, ಮುಚ್ಚಿಡೋಕೆ ನಂಗೇನು ನಾಚಿಕೆನಾ?" ಎನ್ನುತ್ತ ಪಟ್ಟಿ ನೋಡಿ, ಎಪ್ಪತ್ತೈದಕ್ಕೆ ಎಷ್ಟು ಬೇಕೋ ಅಷ್ಟಕ್ಕೆ ಪಂಪಿನ ಮುಳ್ಳನ್ನು ತಂದು ನಿಲ್ಲಿಸಿದಳು. ಹತ್ತಿ ಕೂತಳು, ಇಳಿದಳು. ಉಂಗುರ ಗೀಟಿನ ಮೇಲೆ ಸರಿಯಾಗಿ ನಿಂತಿತ್ತು.

"ನೋಡ್ದ್ಯಾ ಅಗ್ಗದ ಮಾಲನ್ನ!" ಅವಳ ಮುಖ ಊರಗಲವಾಯಿತು. ಉಂಗುರವನ್ನು ಮತ್ತೆ ಬುಡಕ್ಕೆ ಸರಿಸಿದಳು. "ಈಗ ನೀನು ಬಾ. ಇದು ನನ್ನ ತೂಕದ ಗಾಳಿ. ನಿನ್ನಂಥ ಗೂಳಿ ಕೂತ್ರೆ ಫೋರ್ಕು ತಳ ಮುಟ್ಬೇಕು."

"ಆಮೇಲೆ ನೋಡೋಣ ಬಿಡೇ. ಹಸಿವಾಗ್ತಿದೆ ನಂಗೆ."

ಅವಳ ಕಣ್ಣು ಬೆಂಚಿನ ಕಡೆ ಹೋಯಿತು. ಬೆಳಿಗ್ಗೆ ಕೊಟ್ಟ ಖೀಮಾ ಪೈ ಒಂದೇ ಒಂದು ಕಚ್ಚು ಕಂಡು, ತಣ್ಣಗಾಗಿ ಕೂತಿತ್ತು.

"ಹಸಿವಾ? ನಿಂಗಾ?" ದನಿಯಲ್ಲಿದ್ದ ತಮಾಷೆ ಹೊರಟುಹೋಗಿತ್ತು. "ಹತ್ತು, ತೀಪೆನೆ."

ಬೇರೆ ದಾರಿ ಕಾಣದೆ ಹತ್ತಿದ. ಅವನ ಕೈ ಹ್ಯಾಂಡಲ್ಲನ್ನು ಒತ್ತುವ ಮೊದಲೇ ಅವಳು ಮಣಿಕಟ್ಟು ಹಿಡಿದುಕೊಂಡಳು. "ಕೈ ಹಗುರ ಬಿಡು. ಒತ್ತಬೇಡ." ಆಮೇಲೆ ಮಂಡಿಯೂರಿ ಬಗ್ಗಿ ನೋಡಿದಳು.

ಉಂಗುರ ಅವಳಿಗೆ ಎಲ್ಲಿ ನಿಂತಿತ್ತೋ ಅಲ್ಲೇ ನಿಂತಿತು. ಅದೇ ಬಿಳಿ ಗೀಟು. ತೊರೆ ಉಕ್ಕಿದ ಒಂದು ವರ್ಷ ಅವಳನ್ನೂ ಅವಳ ಸೈಕಲ್ಲನ್ನೂ ಒಟ್ಟಿಗೆ ಹೆಗಲ ಮೇಲೆ ಹೊತ್ತು ದಾಟಿಸಿದ್ದವನು ಈ ಗಂಡಸು. ಅವಳು ಬೈಯುತ್ತಾಳೆಂದು ತೀಪೆನೆ ಕಾದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಮಂಡಿಯೂರಿಯೇ ಇದ್ದಳು, ಉಂಗುರವನ್ನೇ ನೋಡುತ್ತ.

"ಮಾರಮಾ... ಇಳೀಲಾ?"

"ಫೋರ್ಕ್ ಚೆನ್ನಾಗೇ ಇದೆ," ಅಂದಳು.

ಎದ್ದು ಬಂದು ಅವನ ಹೆಗಲಿನಿಂದ ನೀರಿನ ಚೀಲವನ್ನು ಬಿಡಿಸಿಕೊಂಡಳು. ಅದರ ಭಾರಕ್ಕೆ ಅವಳ ಕೈ ಜಗ್ಗಿತು. ಒಳಗೆ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದಾಯಿತು. ಉಂಗುರವನ್ನು ಗೀಟಿನ ಮೇಲೆಯೇ ಬಿಟ್ಟು, ಅವನ ಕೆಳಗೆ ಫೋರ್ಕ್ ಇನ್ನೂ ಒಂದಿಷ್ಟು ಮೇಲೆದ್ದಿತು.