ಅಮ್ಮನ ಪಾಠಕ್ಕೆ ನಾನೊಬ್ಬಳೇ ವಿದ್ಯಾರ್ಥಿನಿ

ಮಾರ್ಕರಿನ ಮುಚ್ಚಳ ತೆಗೆದಾಗ ಬರುವ ವಾಸನೆಗೆ ಈಗಲೂ ಕೊಲ್ಲಿ ದೇಶದ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಮ್ಮ ಗಣಿತದ ಟೀಚರ್. ಮರುದಿನ ಶಾಲೆಯ ಸೂಪರ್‌ವೈಸರ್ ಅವಳ ಪಾಠ ನೋಡಲು ಬರುವವರಿದ್ದರು. ಹಿಂದಿನ ಸಲ 'ತರಗತಿಯಲ್ಲಿ ಮಕ್ಕಳು ಮಾತಾಡುವುದಿಲ್ಲ' ಎಂದು ವರದಿಯಲ್ಲಿ ಬರೆದಿದ್ದರು. ಈ ಸಲವೂ ಹಾಗಾದರೆ ಕೆಲಸ ಹೋಗುವ ಭಯ ಅವಳಿಗೆ. ಸಹಾಯಕ್ಕೆ ಬಂದ ಹಿರಿಯ ಸಹೋದ್ಯೋಗಿ ಸಫಿಯಾ ಟೀಚರ್ ನನ್ನನ್ನು ವಿದ್ಯಾರ್ಥಿನಿಯಾಗಿ ಚಾಪೆಯಲ್ಲಿ ಕೂರಿಸಿದರು.

ಅಮ್ಮ ಕಪಾಟಿನ ಕನ್ನಡಿಯ ಮೇಲೆ ಮಾರ್ಕರಿನಿಂದ ಭಿನ್ನರಾಶಿ ಬರೆದು ವಿವರಿಸಿ, "ಅರ್ಥ ಆಯ್ತಾ?" ಎಂದಳು. ನಾನು ಹೂಂ ಎಂದೆ.

"ಎಂತದೂ ಆಗ್ಲಿಲ್ಲ ಮಾರಾಯ್ತಿ, ನಿನ್ನ ಸ್ವರಕ್ಕೆ ಹೆದರಿ ಹೂಂ ಅಂದದ್ದು," ಎಂದು ಸಫಿಯಾ ಟೀಚರ್ ನಕ್ಕರು. "ಕೇಳಿದ ಮೇಲೆ ಸ್ವಲ್ಪ ಕಾಯಿ."

ಅಮ್ಮ ಮತ್ತೆ ಕೇಳಿ, ಕಾದಳು.

"ನೋ ಅಮ್ಮ," ಎಂದೆ ಮೆಲ್ಲಗೆ.

ಅವಳು ಬೈಯಲಿಲ್ಲ. ಚಾಪೆಯಲ್ಲಿ ನನ್ನ ಪಕ್ಕ ಕುಳಿತು, "ಎಲ್ಲಿಂದ ಗೊತ್ತಾಗ್ಲಿಲ್ಲ ಮಗಾ?" ಎಂದಳು.

ಟೀಚರ್ ಚಾ ಕುಡಿದು ಹೊರಟ ಮೇಲೂ ನಾನು ಹೇಳುತ್ತಲೇ ಇದ್ದೆ, ಅಮ್ಮ ಕೇಳುತ್ತಲೇ ಇದ್ದಳು.